ಹಳೆಯ ಆಶ್‌ಟ್ರೇ, ಹಳೆಯ ಟ್ರೇ: ಮೊದಲು ಮಗುಚಿ ನೋಡಿ, ಆಮೇಲೆ ಬೆಲೆ ಕಟ್ಟಿ

ಮೈಸೂರಿನ ಲಕ್ಷ್ಮೀಪುರಂ, ಯಾದವಗಿರಿ, ಒಂಟಿಕೊಪ್ಪಲಿನ ಹಳೆಯ ಮನೆಗಳು ಕೈ ಬದಲಾಗುವಾಗ ಷೋಕೇಸಿನಿಂದ ಹೊರಬರುವ ಸಾಮಾನಿನಲ್ಲಿ ಆಶ್‌ಟ್ರೇಗೆ ಸಿಗುವಷ್ಟು ಕಡಿಮೆ ಮರ್ಯಾದೆ ಬೇರೆ ಯಾವುದಕ್ಕೂ ಸಿಗುವುದಿಲ್ಲ. ಮನೆಯಲ್ಲಿ ಸೇದುವವರಿಲ್ಲ, ಇಟ್ಟುಕೊಂಡರೆ ಏನೋ ಮುಜುಗರ. ಹೀಗಾಗಿ ಅದು ಹಿತ್ತಾಳೆ ಪಾತ್ರೆಗಳ ಜೊತೆ ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಅದೇ ವಸ್ತುವನ್ನು ಫ್ರಾನ್ಸ್, ಇಟಲಿಯ ಕಂಪನಿಗಳು ಇವತ್ತಿಗೂ ತಯಾರಿಸುತ್ತವೆ. ಕೀಲಿಕೈ, ಉಂಗುರ, ಚಿಲ್ಲರೆ ಇಡಲು ‘ಚೇಂಜ್ ಟ್ರೇ’ ಎಂದು ಹೆಸರಿಟ್ಟು ದೊಡ್ಡ ಬೆಲೆಗೆ ಮಾರುತ್ತವೆ. ಹಳೆಯದಕ್ಕೆ ಗಿರಾಕಿ ಇರುವುದು ಈ ಕಾರಣದಿಂದಲೇ.

ಇನ್ನೊಂದು ಕಡೆ, ಬುಡದಲ್ಲಿ ದೊಡ್ಡ ಹೆಸರು ಕಂಡ ಕೂಡಲೇ ಸಾವಿರಾರು ರೂಪಾಯಿ ಕೊಟ್ಟು ತರುವವರೂ ಇದ್ದಾರೆ. ಎರಡೂ ನಷ್ಟಕ್ಕೆ ಮೂಲ ಒಂದೇ: ಹೆಸರನ್ನು ಮೊದಲು ಓದುವುದು, ವಸ್ತುವನ್ನು ಕೊನೆಗೆ ನೋಡುವುದು. ಮುದ್ರೆಯಷ್ಟು ಸುಲಭವಾಗಿ ನಕಲು ಮಾಡಬಹುದಾದದ್ದು ಇನ್ನೊಂದಿಲ್ಲ. ತೂಕ, ಅಂಚು, ಬುಡದ ಸವೆತ, ಇವನ್ನು ನಕಲು ಮಾಡುವುದು ಕಷ್ಟ. ಹಾಗಾಗಿ ಕ್ರಮ ಹೀಗಿರಲಿ: ಯಾವುದರಿಂದ ಮಾಡಿದ್ದು, ಹೇಗೆ ಮಾಡಿದ್ದು, ಮುದ್ರೆ ಏನು ಹೇಳುತ್ತದೆ, ಏನು ಕೆಟ್ಟಿದೆ, ಎಷ್ಟಕ್ಕೆ ಹೋಗುತ್ತದೆ.

ತೊಳೆಯುವ ಮೊದಲು

ಸಾಮಾನು ಕೈಗೆ ಬಂದ ದಿನ ತೊಳೆಯಬೇಡಿ. ನಮ್ಮ ಕಡೆ ಬೆಳ್ಳಿಗೆ ವಿಭೂತಿ, ಹಿತ್ತಾಳೆಗೆ ಹುಣಸೆಹಣ್ಣು, ಎರಡಕ್ಕೂ ಆಗದಿದ್ದರೆ ಟೂತ್‌ಪೇಸ್ಟ್ ಎನ್ನುವುದು ಅಭ್ಯಾಸ. ಗಟ್ಟಿ ಬೆಳ್ಳಿ ಇದನ್ನು ಹೇಗೋ ತಡೆದುಕೊಳ್ಳುತ್ತದೆ. ಗಿಲೀಟಿನ ಟ್ರೇಯಲ್ಲಿ ಬೆಳ್ಳಿಯ ಪದರ ಕೂದಲೆಳೆಗಿಂತ ತೆಳು, ಉಜ್ಜಿದಷ್ಟೂ ಹೋಗುತ್ತದೆ. ಬಿದರಿ ಸಾಮಾನಿಗೆ ಹುಣಸೆಹಣ್ಣು ತಾಗಿದರೆ ಕಪ್ಪು ಬಣ್ಣವೇ ಕಿತ್ತುಹೋಗಿ ಬೂದು ಲೋಹ ಕಾಣುತ್ತದೆ. ಆ ಕಪ್ಪು ಮತ್ತೆ ಬರಬೇಕಾದರೆ ಬೀದರಿನ ಕುಶಲಕರ್ಮಿಯ ಕೈಗೇ ಹೋಗಬೇಕು.

ಬೇಕಾದ ಸಲಕರಣೆ ಹೆಚ್ಚೇನಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಚಿನಿವಾರರು ಬಳಸುವಂಥ ಭೂತಗನ್ನಡಿ, ಗ್ರಾಂ ಲೆಕ್ಕದಲ್ಲಿ ತೂಗುವ ಅಡುಗೆಮನೆಯ ತಕ್ಕಡಿ, ಒಂದು ಆಯಸ್ಕಾಂತ, ಮೊಬೈಲಿನ ಟಾರ್ಚು, ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚು, ಅಳತೆಪಟ್ಟಿ, ಒಂದು ಅಗಲವಾದ ಪ್ಲಾಸ್ಟಿಕ್ ಡಬ್ಬ, ಒಂದಿಷ್ಟು ದಾರ. ಡಬ್ಬ, ದಾರ ಯಾಕೆ ಎನ್ನುವುದು ಮುಂದೆ ಗೊತ್ತಾಗುತ್ತದೆ. ಅವು ಎಷ್ಟೋ ವಾದಗಳನ್ನು ಎರಡೇ ನಿಮಿಷದಲ್ಲಿ ಮುಗಿಸುತ್ತವೆ.

ಲೋಹವಾದರೆ: ನೀರಿನಲ್ಲಿ ತೂಗಿ

ಮೊದಲು ಆಯಸ್ಕಾಂತ ಇಡಿ. ಗಟ್ಟಿಯಾಗಿ ಹಿಡಿದರೆ ಒಳಗೆ ಕಬ್ಬಿಣ ಇದೆ, ಅಲ್ಲಿಗೆ ಬೆಳ್ಳಿಯ ಮಾತು ಮುಗಿಯಿತು. ಹಿಡಿಯದಿದ್ದರೆ ಅದು ಬೆಳ್ಳಿ ಎಂದೇನೂ ಅಲ್ಲ. ಹಿತ್ತಾಳೆ, ತಾಮ್ರ, ಜರ್ಮನ್ ಸಿಲ್ವರ್ ಯಾವುದನ್ನೂ ಆಯಸ್ಕಾಂತ ಹಿಡಿಯುವುದಿಲ್ಲ. ಈಗ ಗೃಹಪ್ರವೇಶದ ಉಡುಗೊರೆಗೆ ಕೊಡುವ ಜರ್ಮನ್ ಸಿಲ್ವರ್ ತಟ್ಟೆಗಳು ಎಲ್ಲರಿಗೂ ಗೊತ್ತು. ಅದರಲ್ಲಿ ಬೆಳ್ಳಿ ಇಲ್ಲ; ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ ಅಷ್ಟೆ. ಬ್ರಿಟಿಷರ ಕಾಲದ ‘ಇ.ಪಿ.ಎನ್.ಎಸ್.’ ಟ್ರೇ ಎಂದರೆ ಇದೇ ಲೋಹದ ಮೇಲೆ ವಿದ್ಯುತ್ತಿನಿಂದ ಬೆಳ್ಳಿ ಲೇಪಿಸಿದ್ದು.

ಈಗ ಡಬ್ಬ, ದಾರ. ಟ್ರೇಯನ್ನು ಒಣಗಿದ ಸ್ಥಿತಿಯಲ್ಲಿ ತೂಗಿ ಬರೆದಿಟ್ಟುಕೊಳ್ಳಿ. ಡಬ್ಬದಲ್ಲಿ ನೀರು ತುಂಬಿ ತಕ್ಕಡಿಯ ಮೇಲಿಟ್ಟು ಸೊನ್ನೆ ಒತ್ತಿ. ಟ್ರೇಯನ್ನು ದಾರದಲ್ಲಿ ಕಟ್ಟಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಡಬ್ಬದ ತಳಕ್ಕಾಗಲೀ ಪಕ್ಕಕ್ಕಾಗಲೀ ತಾಗಬಾರದು, ಮೇಲ್ಮೈಯಲ್ಲಿ ಗಾಳಿಗುಳ್ಳೆ ಅಂಟಿರಬಾರದು. ಆಗ ತಕ್ಕಡಿ ತೋರಿಸುವ ಗ್ರಾಂ ಸಂಖ್ಯೆಯೇ ಆ ಟ್ರೇಯ ಗಾತ್ರ. ಒಣ ತೂಕವನ್ನು ಅದರಿಂದ ಭಾಗಿಸಿ.

ಒಂದು ಚಿಕ್ಕ ಟ್ರೇ 412 ಗ್ರಾಂ ಇದ್ದು, ನೀರಿನಲ್ಲಿ 40 ತೋರಿಸಿದರೆ 412 ಭಾಗ 40, ಅಂದರೆ 10.3. ಅದು ಸ್ಟರ್ಲಿಂಗ್ ದರ್ಜೆಯ, ಅಂದರೆ ಸಾವಿರಕ್ಕೆ 925 ಭಾಗ ಶುದ್ಧವಾದ ಬೆಳ್ಳಿಗೆ ಹೊಂದುತ್ತದೆ. ಅದೇ ತೂಕದ ಇನ್ನೊಂದು ಟ್ರೇ 47 ತೋರಿಸಿದರೆ 8.8 ಆಯಿತು, ಅದು ಜರ್ಮನ್ ಸಿಲ್ವರ್ ಅಥವಾ ತಾಮ್ರ. ಶುದ್ಧ ಬೆಳ್ಳಿ 10.5ರ ಹತ್ತಿರ, ಹಿತ್ತಾಳೆ 8.5ರ ಆಸುಪಾಸು, ಸ್ಟೀಲು 8ಕ್ಕಿಂತ ಸ್ವಲ್ಪ ಕಡಿಮೆ, ಬಿದರಿಯ ಸತು ಮಿಶ್ರಲೋಹ 7ರ ಮೇಲೆ ಸ್ವಲ್ಪ. ಉತ್ತರ 10ಕ್ಕಿಂತ ಕೆಳಗೆ ಬಂದರೆ ಬುಡದಲ್ಲಿ ಏನೇ ಮುದ್ರೆ ಇರಲಿ, ಬೆಳ್ಳಿಯ ಬೆಲೆ ಕೊಡಬೇಡಿ.

ಈ ಲೆಕ್ಕ ಎಲ್ಲಿ ಕೆಡುತ್ತದೆ ಎನ್ನುವುದೂ ಗೊತ್ತಿರಬೇಕು. ಮರದ ಹಿಡಿ ಇದ್ದರೆ, ಅಂಚನ್ನು ಟೊಳ್ಳಾಗಿ ಮಾಡಿ ಒಳಗೆ ಅರಗು ತುಂಬಿದ್ದರೆ, ಬುಡಕ್ಕೆ ಮಖಮಲ್ಲು ಅಂಟಿಸಿದ್ದರೆ ಈ ಪರೀಕ್ಷೆ ನಡೆಯುವುದಿಲ್ಲ. ಅಂಥದ್ದನ್ನು ನೀರಿಗೆ ಹಾಕಲೂ ಬಾರದು. ಕಾಲಿಟ್ಟ ಆಶ್‌ಟ್ರೇಯ ಬುಡದಲ್ಲಿ ಭಾರಕ್ಕೆಂದು ಸೀಸ ತುಂಬಿದ್ದರೆ ಸಂಖ್ಯೆ ಮೇಲೇರಿ ಮೋಸ ಮಾಡುತ್ತದೆ. ಇಂಥ ಕಡೆ ಮೈಸೂರಿನ ಅಶೋಕ ರಸ್ತೆಯಂಥ, ಚಿನ್ನಬೆಳ್ಳಿ ಅಂಗಡಿಗಳಿರುವ ಜಾಗದಲ್ಲಿ, ಲೋಹವನ್ನು ಕೆರೆಯದೆ ಕ್ಷಕಿರಣ ಯಂತ್ರದಲ್ಲಿ ಪರೀಕ್ಷಿಸುವವರ ಬಳಿ ಹೋಗಿ. ಯಂತ್ರ ನೋಡುವುದು ಮೇಲ್ಪದರವನ್ನು ಮಾತ್ರ, ಆದ್ದರಿಂದ ಗಿಲೀಟಿನ ಮೇಲೆ ಇಟ್ಟರೆ ಅದೂ ಬೆಳ್ಳಿ ಎಂದೇ ಹೇಳಬಹುದು. ಸವೆದ ಅಂಚಿನಲ್ಲೊಮ್ಮೆ, ಬುಡದಲ್ಲೊಮ್ಮೆ ಹಿಡಿಸಿ. ಒರೆಗಲ್ಲಿಗೆ ಉಜ್ಜುವುದಾದರೆ ಬುಡದ ಅಂಚಿನಲ್ಲಿ ಉಜ್ಜಲಿ, ಮುಖದ ಮೇಲೆ ಬೇಡ.

ಗಿಲೀಟು ಸವೆದ ಜಾಗ ತಾನಾಗಿಯೇ ಮಾತಾಡುತ್ತದೆ. ಟ್ರೇಯ ಮೂಲೆ, ಹಿಡಿಯ ಬುಡ, ಸಿಗರೇಟು ಇಡುವ ಕಚ್ಚು, ಇವೇ ಮೊದಲು ಸವೆಯುವುದು. ಅಲ್ಲಿ ಹಳದಿ ಮಿಶ್ರಿತ ಬೂದು ಬಣ್ಣ ಕಂಡರೆ ಒಳಗೆ ಜರ್ಮನ್ ಸಿಲ್ವರ್. ಕೆಂಪು ಕಂಡರೆ ತಾಮ್ರ. ಆಗ ಅದು ಬರೀ ಗಿಲೀಟೋ ಅಥವಾ ಹಳೆಯ ಶೆಫೀಲ್ಡ್ ಪ್ಲೇಟೋ ನೋಡಬೇಕು. ತಾಮ್ರದ ತಗಡಿಗೆ ಬೆಳ್ಳಿ ತಗಡನ್ನು ಬಿಸಿಯಲ್ಲಿ ಬೆಸೆದು ಮಾಡಿದ ಶೆಫೀಲ್ಡ್ ಪ್ಲೇಟಿಗೆ ಸಂಗ್ರಾಹಕರಿದ್ದಾರೆ, ಅದಕ್ಕೆ ಮತ್ತೆ ಗಿಲೀಟು ಹಾಕಿಸಿದರೆ ಬೆಲೆ ಇಳಿಯುತ್ತದೆ.

ಬೆಳ್ಳಿಯ ಮುದ್ರೆ ಓದುವುದು

ಇಂಗ್ಲೆಂಡಿನ ಗಟ್ಟಿ ಬೆಳ್ಳಿಯಲ್ಲಿ ನಡೆಯುತ್ತಿರುವ ಸಿಂಹದ ಮುದ್ರೆ ಇರುತ್ತದೆ. ಸಾವಿರಕ್ಕೆ 925 ಭಾಗ ಬೆಳ್ಳಿ ಎಂದು ಅದರ ಅರ್ಥ. ಪಕ್ಕದಲ್ಲಿ ಊರಿನ ಗುರುತು: ಲಂಡನ್ನಿಗೆ ಚಿರತೆಯ ಮುಖ, ಬರ್ಮಿಂಗ್‌ಹ್ಯಾಮಿಗೆ ಲಂಗರು, ಶೆಫೀಲ್ಡಿಗೆ 1974ರವರೆಗೆ ಕಿರೀಟ. ಜೊತೆಗೆ ವರ್ಷ ಸೂಚಿಸುವ ಒಂದು ಅಕ್ಷರ, ತಯಾರಕರ ಇನಿಷಿಯಲ್ಲು. ಸಿಂಹ ಇಲ್ಲದಿದ್ದರೆ ಉಳಿದದ್ದನ್ನು ಅನುಮಾನದಿಂದಲೇ ನೋಡಿ. ಗಿಲೀಟಿನ ಕಂಪನಿಗಳು ಇ, ಪಿ, ಎನ್, ಎಸ್ ಎಂಬ ನಾಲ್ಕು ಅಕ್ಷರಗಳನ್ನು ಬೇರೆಬೇರೆ ಪುಟ್ಟ ಗುರಾಣಿಗಳೊಳಗೆ ಕೂರಿಸಿ, ಪಕ್ಕದಲ್ಲೊಂದು ‘ಎ ಒನ್’ ಸೇರಿಸಿ ನಿಜವಾದ ಹಾಲ್‌ಮಾರ್ಕಿನ ಹಾಗೆಯೇ ಸಾಲಾಗಿ ಹೊಡೆಯುತ್ತಿದ್ದವು. ‘ಎ ಒನ್’ ಎನ್ನುವುದು ಲೇಪನದ ದರ್ಜೆ, ಬೆಳ್ಳಿಯ ಶುದ್ಧತೆಯಲ್ಲ. ಮಂಡ್ಯ, ಮೈಸೂರಿನ ಹಳೆಯ ಮನೆಗಳಲ್ಲಿ ‘ಇಂಗ್ಲಿಷ್ ಬೆಳ್ಳಿ’ ಎಂದು ಜೋಪಾನ ಮಾಡಿಟ್ಟ ಕಾಫಿ ಟ್ರೇಗಳಲ್ಲಿ ಇಂಥವು ಬಹಳ.

ಫ್ರಾನ್ಸಿನ ಕ್ರಮ ಇನ್ನೂ ಸರಳ. ತಯಾರಕರ ಮುದ್ರೆ ಇಸ್ಪೀಟಿನ ಡೈಮಂಡ್ ಆಕಾರದ ಚೌಕಟ್ಟಿನೊಳಗಿದ್ದರೆ ಗಟ್ಟಿ ಬೆಳ್ಳಿ, ಚೌಕದೊಳಗಿದ್ದರೆ ಗಿಲೀಟು. 1830ರಲ್ಲಿ ಶುರುವಾದ ಕ್ರಿಸ್ಟೋಫ್ಲ್ ಕಂಪನಿಯ ಟ್ರೇಗಳಲ್ಲಿ ಬಹುಪಾಲು ಗಿಲೀಟಿನವೇ. ಹಾಗೆಂದು ಕಡೆಗಣಿಸಬೇಡಿ, ಆ ಲೇಪನ ದಪ್ಪ, ವಿನ್ಯಾಸಕ್ಕೆ ಪ್ರತ್ಯೇಕ ಬೆಲೆಯಿದೆ. ಆದರೆ ಅದನ್ನು ಬೆಳ್ಳಿಯ ತೂಕದಲ್ಲಿ ಲೆಕ್ಕ ಹಾಕುವಂತಿಲ್ಲ. ಡೆನ್ಮಾರ್ಕಿನ ಜಾರ್ಜ್ ಜೆನ್ಸನ್ ಬೆಳ್ಳಿಯಲ್ಲಿ ಚುಕ್ಕಿಗಳ ಅಂಡಾಕಾರದ ಚೌಕಟ್ಟಿನೊಳಗೆ ಪೂರ್ತಿ ಹೆಸರಿದ್ದರೆ 1945ರ ನಂತರದ್ದು.

ನಮ್ಮ ದೇಶದಲ್ಲೇ ಮಾಡಿದ ಹಳೆಯ ಬೆಳ್ಳಿ ತಬಕು, ತಟ್ಟೆಗಳಲ್ಲಿ ಹಾಲ್‌ಮಾರ್ಕ್ ಹುಡುಕಿ ನಿರಾಶರಾಗಬೇಡಿ. ಬ್ರಿಟಿಷ್ ಆಳ್ವಿಕೆಯಲ್ಲಿ ಇಲ್ಲಿ ಹಾಲ್‌ಮಾರ್ಕ್ ಪದ್ಧತಿಯೇ ಇರಲಿಲ್ಲ. ಮದ್ರಾಸಿನ ಪಿ. ಓರ್ ಅಂಡ್ ಸನ್ಸ್‌ನಂಥ ಅಂಗಡಿಗಳು ತಮ್ಮ ಹೆಸರನ್ನು ಮಾತ್ರ ಹೊಡೆಯುತ್ತಿದ್ದವು. ದೇವರ ಮೂರ್ತಿಗಳನ್ನು ಉಬ್ಬುಗೆಲಸದಲ್ಲಿ ತುಂಬಿದ ‘ಸ್ವಾಮಿ’ ಶೈಲಿಯ ಟ್ರೇಗಳಿಗೆ ಇಂಗ್ಲೆಂಡಿನಲ್ಲಿ ಇಂದಿಗೂ ಬೇಡಿಕೆ ಇದೆ. ಅಂಥದ್ದನ್ನು ಕರಗಿಸಲು ಕೊಟ್ಟರೆ ಕೆಲಸಗಾರಿಕೆಯ ಬೆಲೆಯೆಲ್ಲ ಮೂಸೆಯಲ್ಲೇ ಹೋಯಿತು.

ಗಂಡಭೇರುಂಡ ಇದ್ದರೆಲ್ಲ ಅರಮನೆಯದಲ್ಲ

ಮೈಸೂರಿನಲ್ಲಿ ಹಳೇ ಸಾಮಾನು ಮಾರುವವರ ಬಾಯಲ್ಲಿ ಅತಿ ಹೆಚ್ಚು ಕೇಳುವ ಮಾತು ‘ಇದು ಅರಮನೆಯಿಂದ ಬಂದದ್ದು’. ಸಾಕ್ಷಿಗೆ ಗಂಡಭೇರುಂಡ ತೋರಿಸುತ್ತಾರೆ. ಈ ಒಂದು ಗುರುತನ್ನು ನಿಧಾನವಾಗಿ ನೋಡುವುದು ಕಲಿತರೆ ದೊಡ್ಡ ನಷ್ಟ ತಪ್ಪುತ್ತದೆ.

ಟಾರ್ಚನ್ನು ಪಕ್ಕದಿಂದ, ಟ್ರೇಯ ಮೈಗೆ ತಾಗುವಷ್ಟು ಕೆಳಗೆ ಹಿಡಿದು ಭೂತಗನ್ನಡಿಯಲ್ಲಿ ಕೆತ್ತನೆಯನ್ನು ನೋಡಿ. ಹಳೆಯ ಟ್ರೇಯ ಮೈಮೇಲೆ ನೂರಾರು ಸಣ್ಣ ಗೀರುಗಳಿರುತ್ತವೆ. ಕೆತ್ತನೆಯೂ ಅಷ್ಟೇ ಹಳೆಯದಾದರೆ ಗೀರುಗಳು ಅದರ ಗೆರೆಗಳ ದಡ ದಾಟಿ ಆಚೆ ಹೋಗಿರುತ್ತವೆ, ಗೆರೆಯ ಅಂಚು ಉಜ್ಜಿ ಉಜ್ಜಿ ದುಂಡಗಾಗಿರುತ್ತದೆ, ಒಳಗೆ ಕಪ್ಪು ಗಟ್ಟಿಯಾಗಿ ಕೂತಿರುತ್ತದೆ. ಮೊನ್ನೆ ಮೊನ್ನೆ ಕೆತ್ತಿಸಿದ್ದಾದರೆ ಗೆರೆಯೇ ಹಳೆಯ ಗೀರುಗಳನ್ನು ಕತ್ತರಿಸಿಕೊಂಡು ಹೋಗಿರುತ್ತದೆ. ಅಂಚು ಉಗುರಿಗೆ ಚುರುಕಾಗಿ ತಾಗುತ್ತದೆ, ಗೆರೆಯ ತಳ ಹೊಳೆಯುತ್ತದೆ. ಗಿಲೀಟಿನ ಟ್ರೇಯಲ್ಲಂತೂ ಹೊಸ ಕೆತ್ತನೆ ಲೇಪನವನ್ನು ಸೀಳಿ ಒಳಗಿನ ಹಳದಿಯನ್ನೋ ಕೆಂಪನ್ನೋ ಬಯಲು ಮಾಡುತ್ತದೆ. ಹಳೆಯದರಲ್ಲಿ ಕೆತ್ತಿದ ಮೇಲೆ ಲೇಪಿಸಿದ್ದರಿಂದ ಗೆರೆಯ ಒಳಗೂ ಬೆಳ್ಳಿ ಇರುತ್ತದೆ.

ಕೆತ್ತನೆ ಹಳೆಯದೇ ಆಗಿದ್ದರೂ ಗಂಡಭೇರುಂಡ ಮೈಸೂರು ಸಂಸ್ಥಾನದ ಲಾಂಛನ, ಒಂದು ಮನೆಯ ಮುದ್ರೆಯಲ್ಲ. ಸಂಸ್ಥಾನದ ಕಚೇರಿಗಳಿಗೆ, ಅತಿಥಿಗೃಹಗಳಿಗೆ ಮಾಡಿಸಿದ ಸಾಮಾನಿನ ಮೇಲೂ ಅದು ಇರಬಹುದು. ಅರಮನೆಯ ಮಾತು ನಿಲ್ಲಬೇಕಾದರೆ ಹಳೆಯ ಫೋಟೋ, ಉಡುಗೊರೆಯ ಪತ್ರ, ಬಿಲ್ಲು, ಹರಾಜಿನ ರಸೀದಿ, ಇವುಗಳಲ್ಲಿ ಒಂದಾದರೂ ಬೇಕು. ಕಾಗದ ಇಲ್ಲದ ಕಥೆಗೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬಾರದು ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

ಗಾಜು, ಕ್ರಿಸ್ಟಲ್

ನೀರಿನ ಲೆಕ್ಕ ಇಲ್ಲೂ ಕೆಲಸಕ್ಕೆ ಬರುತ್ತದೆ. 900 ಗ್ರಾಂ ತೂಗುವ ಆಶ್‌ಟ್ರೇ ನೀರಿನಲ್ಲಿ 360 ತೋರಿಸಿದರೆ 2.5, ಅದು ಸಾಧಾರಣ ಗಾಜು. 300 ತೋರಿಸಿದರೆ 3, ಅದು ಸೀಸ ಬೆರೆತ ಕ್ರಿಸ್ಟಲ್. ಬೆರಳಿನಿಂದ ತಟ್ಟಿ ನಾದ ಕೇಳುವ ಪರೀಕ್ಷೆಯನ್ನು ಇಲ್ಲಿ ನಂಬಬೇಡಿ. ವೈನ್ ಲೋಟ ಗಂಟೆಯಂತೆ ಮೊಳಗಬಹುದು, ದಪ್ಪ ಬುಡದ ಆಶ್‌ಟ್ರೇ ಅಪ್ಪಟ ಕ್ರಿಸ್ಟಲ್ ಆದರೂ ಟಕ್ ಎಂದಷ್ಟೇ ಹೇಳುತ್ತದೆ.

ಫ್ರಾನ್ಸಿನ ಬಕಾರಾ ಕಂಪನಿ 1764ರದು. 1936ರಿಂದ ತನ್ನ ಸಾಮಾನಿನ ಬುಡದಲ್ಲಿ ಆಮ್ಲದಿಂದ ಕೊರೆದ ದುಂಡು ಮುದ್ರೆ ಹಾಕತೊಡಗಿತು. ನಡುವೆ ಹೂಜಿ, ಅದರ ಅಕ್ಕಪಕ್ಕ ಎರಡು ಲೋಟ, ಸುತ್ತ ಹೆಸರು. ಹತ್ತಾರು ವರ್ಷ ಮೇಜಿನ ಮೇಲೆ ಎಳೆದಾಡಿದ ಆಶ್‌ಟ್ರೇಯಲ್ಲಿ ಈ ಮುದ್ರೆ ಮಾಸಿ ಕಣ್ಣಿಗೆ ಕಾಣುವುದೇ ಇಲ್ಲ. ಬುಡದ ಮೇಲೆ ಬಾಯಿಂದ ಹಬೆ ಊದಿ. ಆಮ್ಲ ತಾಗಿದ ಜಾಗ, ನುಣುಪಾದ ಜಾಗ ಎರಡರಲ್ಲೂ ಹಬೆ ಬೇರೆಬೇರೆಯಾಗಿ ಕೂರುವುದರಿಂದ ಎರಡು ಮೂರು ಸೆಕೆಂಡು ಮುದ್ರೆ ಎದ್ದು ಕಾಣುತ್ತದೆ. ಅಷ್ಟರಲ್ಲಿ ಫೋಟೋ ತೆಗೆದುಕೊಳ್ಳಿ.

ಫ್ರಾನ್ಸಿನದೇ ಇನ್ನೊಂದು ಗಾಜಿನ ಕಂಪನಿ ಲಾಲೀಕ್ ವಿಷಯದಲ್ಲಿ ಒಂದೇ ಒಂದು ಅಕ್ಷರ ಬೆಲೆಯನ್ನು ಬದಲಿಸುತ್ತದೆ. ಅದನ್ನು ಕಟ್ಟಿದ ರೆನೆ ಲಾಲೀಕ್ ತೀರಿಕೊಂಡದ್ದು 1945ರಲ್ಲಿ. ಅಲ್ಲಿಯವರೆಗಿನ ಸಾಮಾನಿನಲ್ಲಿ ‘ಆರ್. ಲಾಲೀಕ್’ ಎಂದಿರುತ್ತದೆ, ಆಮೇಲಿನದ್ದರಲ್ಲಿ ಆ ‘ಆರ್.’ ಇಲ್ಲ, ‘ಲಾಲೀಕ್ ಫ್ರಾನ್ಸ್’ ಎಂದಷ್ಟೇ. ಹಳೆಯದಕ್ಕೆ ಬೆಲೆ ಹೆಚ್ಚಾದ್ದರಿಂದ ಹೊಸದಕ್ಕೆ, ಬೇರೆ ಕಂಪನಿಯದಕ್ಕೂ ‘ಆರ್.’ ಸೇರಿಸಿ ಕೆತ್ತುವವರಿದ್ದಾರೆ. ಗಂಡಭೇರುಂಡಕ್ಕೆ ಹೇಳಿದ ಗೀರಿನ ಪರೀಕ್ಷೆಯನ್ನೇ ಇಲ್ಲೂ ಮಾಡಿ. ಜೊತೆಗೆ ಮಂಜುಗಾಜಿನ ಭಾಗವನ್ನು ಬೆರಳಿನಿಂದ ಸವರಿ ನೋಡಿ. ಅಸಲಿಯಲ್ಲಿ ಅದು ರೇಷ್ಮೆಯಂತೆ ನುಣುಪು. ನಕಲಿಯಲ್ಲಿ ಒರಟು, ಅಲ್ಲದೆ ಮಂಜು, ಪಾರದರ್ಶಕ ಭಾಗಗಳು ಸೇರುವ ಗೆರೆ ಕದಡಿದಂತಿರುತ್ತದೆ.

ಬಣ್ಣದ ಪದರಗಳ ದಪ್ಪ ಗಾಜಿನ ಆಶ್‌ಟ್ರೇಯನ್ನೆಲ್ಲ ‘ಮುರಾನೊ’ ಎಂದು ಕರೆಯುವುದು ವಾಡಿಕೆಯಾಗಿದೆ. ವೆನಿಸ್ ಹತ್ತಿರದ ಆ ದ್ವೀಪದ ಕೆಲಸ ಊದಿ, ಕೈಯಿಂದ ತಿದ್ದಿ ಮಾಡುವಂಥದ್ದು. ಪಕ್ಕದಲ್ಲಿ ಅಚ್ಚಿನ ಜೋಡಣೆಗೆರೆ ಉಗುರಿಗೆ ಸಿಕ್ಕರೆ ಅದು ಯಂತ್ರದ ಅಚ್ಚು. ಅಸಲಿಯ ಬುಡವನ್ನು ಅರೆದು ಹೊಳಪು ಕೊಟ್ಟಿರುತ್ತಾರೆ. ಚೆಕ್ ದೇಶದ ಗಾಜೂ ಚೆನ್ನಾಗಿಯೇ ಇರುತ್ತದೆ, ಆದರೆ ಬೆಲೆ ಬೇರೆ. ಕಾಗದದ ಸ್ಟಿಕ್ಕರ್ ಒಂದನ್ನೇ ನಂಬಿ ಕೊಳ್ಳಬೇಡಿ.

ಒಳಗೆ ಬಿಳಿ ಮಂಜು ಕವಿದಂತಿದ್ದರೆ ಎರಡು ಕಾರಣ ಇರಬಹುದು. ಕೊಳವೆಬಾವಿಯ ಗಡಸು ನೀರಿನ ಸುಣ್ಣ ಕಟ್ಟಿದ್ದರೆ, ಒಂದು ಭಾಗ ವಿನೆಗರ್‌ಗೆ ನಾಲ್ಕು ಭಾಗ ನೀರು ಬೆರೆಸಿ ಹತ್ತು ನಿಮಿಷ ಇಟ್ಟರೆ ಬಿಡುತ್ತದೆ. ಬಿಡದಿದ್ದರೆ ಗಾಜಿನ ಮೈಯೇ ಕೊರೆದುಹೋಗಿದೆ, ಅದು ಸರಿಹೋಗುವುದಿಲ್ಲ. ಒದ್ದೆ ಮಾಡಿದರೆ ಮಾಯವಾಗಿ, ಒಣಗಿದರೆ ಮತ್ತೆ ಕಾಣುವ ಮಂಜು ಇದು. ಎಣ್ಣೆ ಸವರಿ ಇದನ್ನು ಮುಚ್ಚಿಟ್ಟು ಮಾರುತ್ತಾರೆ, ಬಟ್ಟೆಯಿಂದ ಒರೆಸಿಯೇ ನೋಡಿ.

ಪಿಂಗಾಣಿ

ಫ್ರಾನ್ಸಿನ ಹೆರ್ಮೆಸ್ ಕಂಪನಿಯ ಆಯತಾಕಾರದ ಆಶ್‌ಟ್ರೇಯೇ ಈ ಇಡೀ ವರ್ಗದಲ್ಲಿ ಅತಿ ಹೆಚ್ಚು ಕೈ ಬದಲಾಯಿಸುವುದು, ಅತಿ ಹೆಚ್ಚು ನಕಲಾಗುವುದೂ ಅದೇ. ಅಳತೆ ಸುಮಾರು 19 ಸೆಂಟಿಮೀಟರ್ ಉದ್ದ, 16 ಅಗಲ. ಕುದುರೆ, ಹಕ್ಕಿ, ಹಡಗು, ಲಗಾಮಿನ ಚಿತ್ರಗಳು. ಅಂಚಿಗೆ ಕೈಯಲ್ಲಿ ಬಳಿದ ಬಂಗಾರದ ಅಥವಾ ಬಣ್ಣದ ಗೆರೆ. ಮಗುಚಿ ಹಾಕಿದರೆ ಬುಡಕ್ಕೆ ಮೃದುವಾದ ಮೇಕೆ ಚರ್ಮ ಅಂಟಿಸಿರುತ್ತದೆ. ನಕಲಿಯಲ್ಲಿ ಆ ಜಾಗಕ್ಕೆ ಮಖಮಲ್ಲಿನಂಥ ಬಟ್ಟೆ ಬಂದಿರುತ್ತದೆ. ಚರ್ಮವಾದರೆ ಬೆರಳಾಡಿಸಿದ ಕಡೆ ರೋಮ ಮಲಗಿ ಬಣ್ಣ ಬದಲಾಗುತ್ತದೆ, ಕತ್ತರಿಸಿದ ಅಂಚಿನಲ್ಲಿ ನೂಲು ಏಳುವುದಿಲ್ಲ. ಬಟ್ಟೆಯಾದರೆ ಭೂತಗನ್ನಡಿಯಲ್ಲಿ ನೇಯ್ಗೆ ಕಾಣುತ್ತದೆ.

ಚಿತ್ರವನ್ನೂ ಭೂತಗನ್ನಡಿಯಲ್ಲಿ ನೋಡಿ. ಗೋಡೆ ಕ್ಯಾಲೆಂಡರಿನಂತೆ ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳು ಸಾಲಾಗಿ ಕಂಡರೆ ಅದು ಕಂಪ್ಯೂಟರ್ ಮುದ್ರಣದ ಚಿತ್ರ, ಅನುಮಾನಕ್ಕೆ ಬಲವಾದ ಕಾರಣ. ಬಂಗಾರದ ಗೆರೆಯನ್ನು ನೂರು ಕಡೆ ಒಂದೇ ದಪ್ಪದಲ್ಲಿ ನಿರೀಕ್ಷಿಸಬೇಡಿ. ಕೈಕೆಲಸದಲ್ಲಿ ಮೂಲೆಯಲ್ಲಿ ಕುಂಚ ಎತ್ತಿದ ಜಾಗ ಸ್ವಲ್ಪ ಕಾಣುವುದು ಸಹಜ. ಸವೆದ ಗೆರೆಗೆ ಅಂಗಡಿಯ ಬಂಗಾರದ ಪೇಂಟು ಹಚ್ಚಿದ್ದರೆ ಆ ಭಾಗ ಕಂಚಿನ ಬಣ್ಣದಲ್ಲಿ ಮಂಕಾಗಿ, ಉಗುರಿಗೆ ಉಬ್ಬಾಗಿ ತಾಗುತ್ತದೆ.

‘ಲಿಮೋಜ್’ ಎಂದು ಮಾತ್ರ ಬರೆದಿದ್ದರೆ ಹಿಗ್ಗಬೇಡಿ. ಅದು ಫ್ರಾನ್ಸಿನ ಒಂದು ಊರು, ಕಂಪನಿಯಲ್ಲ. ಪಿಂಗಾಣಿಗೆ ಹೆಸರಾದ ಆ ಊರಿನಲ್ಲಿ ದೊಡ್ಡ ವಿನ್ಯಾಸಕಾರರ ಕೆಲಸವೂ ಆಗುತ್ತದೆ, ಪ್ರವಾಸಿಗರಿಗೆ ಮಾರುವ ಬಂಗಾರ ಲೇಪಿತ ಪುಟಾಣಿ ಆಶ್‌ಟ್ರೇಯೂ ಆಗುತ್ತದೆ. ಎರಡನೆಯದಕ್ಕೆ ಹೆಚ್ಚು ಬೆಲೆಯಿಲ್ಲ. ಹಾಗೆಯೇ ತಿಳಿನೀಲಿ ಮೈಮೇಲೆ ಬಿಳಿಯ ಗ್ರೀಕ್ ಬೊಂಬೆಗಳಿರುವ ವೆಜ್‌ವುಡ್ ಆಶ್‌ಟ್ರೇ. ಕಂಪನಿ 1759ರದು, ಹೆಸರು ದೊಡ್ಡದು, ಆದರೆ ಇಪ್ಪತ್ತನೇ ಶತಮಾನದಲ್ಲಿ ಲೆಕ್ಕವಿಲ್ಲದಷ್ಟು ಮಾಡಿದ್ದರಿಂದ ಅಗ್ಗ. ಇಟಲಿಯ ಫ್ಯಾಷನ್ ಕಂಪನಿ ವರ್ಸಾಚೆಯ, ಹಾವಿನ ಕೂದಲಿನ ಮೆದೂಸಾ ಮುಖವಿರುವ ಆಶ್‌ಟ್ರೇಗಳನ್ನು ಜರ್ಮನಿಯ ರೋಸೆಂಥಾಲ್ ಮಾಡುತ್ತದೆ. ಈ ಜೋಡಿ 1992ರಲ್ಲಿ ಶುರುವಾದದ್ದು, ಆದ್ದರಿಂದ ‘ಎಪ್ಪತ್ತರ ದಶಕದ ವರ್ಸಾಚೆ ಪಿಂಗಾಣಿ’ ಎಂದು ಯಾರಾದರೂ ಹೇಳಿದರೆ ಅಲ್ಲಿಗೆ ಮಾತು ನಿಲ್ಲಿಸಬಹುದು. ಬುಡದಲ್ಲಿ ರೋಸೆಂಥಾಲ್ ಹೆಸರೂ ಇರಬೇಕು.

ಇನ್ನೊಂದನ್ನು ಎಲ್ಲಿ ಕಂಡರೂ ಬಿಡಬೇಡಿ. 1967ರಲ್ಲಿ ಏರ್ ಇಂಡಿಯಾ ಸಂಸ್ಥೆಗಾಗಿ ಚಿತ್ರಕಾರ ಸಾಲ್ವಡಾರ್ ಡಾಲಿ ಒಂದು ಆಶ್‌ಟ್ರೇ ವಿನ್ಯಾಸ ಮಾಡಿದರು. ನಡುವೆ ಚಿಪ್ಪಿನಾಕಾರದ ಬಟ್ಟಲು, ಅಂಚಿಗೆ ಸುತ್ತಿಕೊಂಡ ಹಾವು, ಕೆಳಗೆ ಹಂಸ. ಆ ಹಂಸವನ್ನು ತಲೆಕೆಳಗು ಮಾಡಿದರೆ ಆನೆಯ ತಲೆ. ಸುಮಾರು 500 ಮಾಡಿ ಪ್ರಯಾಣಿಕರಿಗೆ ಕೊಟ್ಟರು. ಕೂಲಿಯಾಗಿ ಡಾಲಿ ಕೇಳಿದ್ದು ಒಂದು ಆನೆಮರಿಯನ್ನು, ಅದು ಹೋದದ್ದು ನಮ್ಮ ಬೆಂಗಳೂರಿನಿಂದ. ಇದು ಹೊಳಪಿಲ್ಲದ ಬಿಳಿ ಪಿಂಗಾಣಿ, ಮುಟ್ಟಿದರೆ ಸೀಮೆಸುಣ್ಣದ ನೆನಪಾಗಬೇಕು. ಮಿರಮಿರ ಹೊಳೆಯುತ್ತಿದ್ದರೆ ಮರುತಯಾರಿ.

ಬಿರುಕು, ತೇಪೆ ಹುಡುಕಲು ಕೋಣೆ ಕತ್ತಲು ಮಾಡಿ. ಮೊಬೈಲ್ ಟಾರ್ಚನ್ನು ಹಿಂದಿನಿಂದ ಹಿಡಿದರೆ ಕೂದಲು ಬಿರುಕು ಕಪ್ಪು ಗೆರೆಯಾಗಿ ಕಾಣುತ್ತದೆ. ನೇರಳಾತೀತ ಟಾರ್ಚಿನಲ್ಲಿ ಅಂಟು, ಪೇಂಟು ಹಚ್ಚಿದ ಜಾಗ ಸುತ್ತಲಿನ ಮೈಗಿಂತ ಬೇರೆಯಾಗಿ ಹೊಳೆಯುತ್ತದೆ. ಸಿಗರೇಟಿನ ಕಂದು ಕಲೆಗೆ ಹೆದರಬೇಡಿ, ಉಗುರುಬೆಚ್ಚಗಿನ ಸೋಪುನೀರಿಗೆ ಬಿಡುತ್ತದೆ. ಬುಡದ ಚರ್ಮ ಮಾತ್ರ ನೆನೆಯಬಾರದು. ಮಳೆಗಾಲದಲ್ಲಿ ಆ ಚರ್ಮಕ್ಕೆ ಹಿಡಿದ ಬೂಷ್ಟನ್ನು ಒಣ ಬ್ರಷ್‌ನಲ್ಲಿ ಮನೆಯ ಹೊರಗೆ ಉದುರಿಸಿ.

ಬಿದರಿ, ಬೀಟೆ, ದಂತ

ಬಿದರಿ ಆಶ್‌ಟ್ರೇ ಒಂದು ಕಾಲದಲ್ಲಿ ಅತಿಥಿಗಳಿಗೆ ಕೊಡುವ ಮಾಮೂಲಿ ಉಡುಗೊರೆ. ಬೆಳ್ಳಿ ಕೂರಿಸಿದ ಗೆರೆ ಮೈಮಟ್ಟಕ್ಕಿದ್ದು, ಕಾಲ ಕಳೆದಂತೆ ಕಪ್ಪಾಗಿದ್ದರೆ ಅಸಲಿ. ಆಯಸ್ಕಾಂತ ಹಿಡಿದರೆ, ಅಥವಾ ಗೆರೆ ಪೇಂಟಿನಂತೆ ಉದುರಿದರೆ ನಕಲಿ. ಸತು ಪೆಡಸು ಲೋಹ, ಬಿದ್ದರೆ ಬಗ್ಗುವುದಿಲ್ಲ, ಒಡೆಯುತ್ತದೆ; ಅಂಚು ಮುಕ್ಕಾಗಿದೆಯೇ ನೋಡಿ.

ಮೈಸೂರಿನ ಬೀಟೆಮರದ ಕುಸುರಿ ಟ್ರೇಗಳಲ್ಲಿ ಬೇರೆಯದೇ ಎಚ್ಚರಿಕೆ ಬೇಕು. ಹಳೆಯ ಕೆಲಸದಲ್ಲಿ ಬಿಳಿಯ ಭಾಗಕ್ಕೆ ಆನೆದಂತ ಬಳಸುತ್ತಿದ್ದರು, ಈಗ ಪ್ಲಾಸ್ಟಿಕ್ ಬಳಸುತ್ತಾರೆ. ದಂತ ಇರುವ ಟ್ರೇ ಎಷ್ಟೇ ಹಳೆಯದಾಗಿರಲಿ, ಅಜ್ಜನದೇ ಆಗಿರಲಿ, ಅದನ್ನು ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಆನೆಪಾದದ, ಕಾಡುಕೋಣದ ಗೊರಸಿನ ಆಶ್‌ಟ್ರೇಗೂ ಇದೇ ಮಾತು. ಶಿಕಾರಿಯ ಕಾಲದಲ್ಲಿ ಪ್ರಾಣಿಚರ್ಮ ಹದ ಮಾಡುವುದಕ್ಕೆ ಲೋಕಪ್ರಸಿದ್ಧವಾಗಿದ್ದ ಊರು ನಮ್ಮದು, ಹಾಗಾಗಿ ಇಂಥವು ಇಲ್ಲಿನ ಮನೆಗಳಲ್ಲಿ ಇನ್ನೂ ಇವೆ. ಅವಕ್ಕೆ ಬೆಲೆ ಕಟ್ಟುವ ಪ್ರಶ್ನೆಯೇ ಇಲ್ಲ. ಮಾಲೀಕತ್ವದ ಪ್ರಮಾಣಪತ್ರ ಇದೆಯೇ ನೋಡಿ, ಇಲ್ಲದಿದ್ದರೆ ಅರಣ್ಯ ಇಲಾಖೆಯನ್ನು ಕೇಳಿ.

ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಇದು 1972ರ ಪ್ರಾಚ್ಯವಸ್ತು ಕಾಯ್ದೆ. ಲಂಡನ್ನಿನ ಗಿರಾಕಿ ಒಳ್ಳೆಯ ಬೆಲೆ ಹೇಳಿದ ಮಾತ್ರಕ್ಕೆ ‘ಸ್ವಾಮಿ’ ಟ್ರೇಯನ್ನು ಕೊರಿಯರ್ ಮಾಡಬೇಡಿ.

ಬೆಲೆ ಕಟ್ಟುವುದು

ಮೊದಲು ನೆಲದ ಬೆಲೆ. ಬೆಳ್ಳಿಯಾದರೆ ತೂಕ, ಶುದ್ಧತೆ, ಆ ದಿನದ ದರ, ಮೂರನ್ನೂ ಗುಣಿಸಿ. 400 ಗ್ರಾಂ ಸ್ಟರ್ಲಿಂಗ್ ಟ್ರೇಯಲ್ಲಿ ಶುದ್ಧ ಬೆಳ್ಳಿ 370 ಗ್ರಾಂ. ಲೆಕ್ಕದ ಸುಲಭಕ್ಕೆ ಗ್ರಾಂಗೆ 100 ರೂಪಾಯಿ ಎಂದಿಟ್ಟುಕೊಂಡರೆ 37,000. ನಿಜವಾದ ದರವನ್ನು ಅವತ್ತಿನ ಪತ್ರಿಕೆಯಲ್ಲಿ ನೋಡಿ. ಇದಕ್ಕಿಂತ ಕೆಳಗೆ ಮಾರಬೇಡಿ. ಗಾಜು, ಪಿಂಗಾಣಿಗೆ ಇಂಥ ನೆಲವೇ ಇಲ್ಲ, ಒಡೆದರೆ ಸೊನ್ನೆ.

ಆಮೇಲೆ ಮಾರುಕಟ್ಟೆ. ಇಂಟರ್‌ನೆಟ್ಟಿನಲ್ಲಿ ಜನ ಕೇಳುತ್ತಿರುವ ಬೆಲೆ ಬೇರೆ, ನಿಜವಾಗಿ ಮಾರಾಟವಾದ ಬೆಲೆ ಬೇರೆ. ಹರಾಜು ತಾಣಗಳಲ್ಲಿ ‘ಮಾರಾಟವಾದವು’ ಎಂಬ ಆಯ್ಕೆ ಒತ್ತಿ, ಅದೇ ಚಿತ್ರ, ಅದೇ ಅಳತೆ, ಅದೇ ಸ್ಥಿತಿಯ ಐದನ್ನಾದರೂ ಗುರುತು ಹಾಕಿಕೊಳ್ಳಿ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ಮೂರರ ಸರಾಸರಿ ತೆಗೆಯಿರಿ. ಹೊರದೇಶದಿಂದ ತರಿಸುವವರು ಸಾಗಣೆ, ಕಸ್ಟಮ್ಸ್ ಸುಂಕ ಸೇರಿಸಿ ನೋಡಿದರೆ ಎಷ್ಟೋ ‘ಅಗ್ಗ’ದ ಸಾಮಾನು ಅಗ್ಗವಾಗಿ ಉಳಿಯುವುದಿಲ್ಲ.

ಸ್ಥಿತಿಗೆ ಕಳೆಯುವಾಗ ನಾವು ಪಾಲಿಸುವ ಅಂದಾಜು ಇದು. ಬಂಗಾರದ ಗೆರೆ ಅಲ್ಲಲ್ಲಿ ಸವೆದಿದ್ದರೆ ಕಾಲು ಭಾಗ ಕಳೆಯಿರಿ. ಬುಡದ ಚರ್ಮ ಕಿತ್ತುಹೋಗಿದ್ದರೆ ಮೂರನೇ ಒಂದು ಭಾಗ. ಅಂಚಿನಲ್ಲಿ ಮುಕ್ಕು ಅಥವಾ ಕೂದಲು ಬಿರುಕು ಇದ್ದರೆ ಅರ್ಧಕ್ಕಿಂತ ಹೆಚ್ಚು. ತೇಪೆ ಹಾಕಿ ಬಣ್ಣ ಬಳಿದದ್ದನ್ನು ಬಿರುಕಿಗಿಂತಲೂ ಕೆಳಗಿಡಬೇಕು, ಯಾಕೆಂದರೆ ಒಳಗೆ ಎಷ್ಟು ಒಡೆದಿದೆ ಎಂದು ಕಾಣುವುದಿಲ್ಲ. ಮೂಲ ಪೆಟ್ಟಿಗೆ ಇದ್ದರೆ ಸ್ವಲ್ಪ ಏರಿಸಬಹುದು, ಆದರೆ ಪೆಟ್ಟಿಗೆಯ ಒಳಗುಳಿ ವಸ್ತುವಿನ ಅಳತೆಗೆ ಸರಿಯಾಗಿ ಕೂರಬೇಕು. ಖಾಲಿ ಪೆಟ್ಟಿಗೆಗಳೂ ಬೇರೆಯಾಗಿ ಮಾರಾಟವಾಗುತ್ತವೆ.

ಅಂಗಡಿಯವರು ನಿಮ್ಮ ಸರಾಸರಿಯ ಅರ್ಧ ಹೇಳಿದರೆ ಸಿಟ್ಟಾಗಬೇಡಿ. ಅವರು ತಿಂಗಳುಗಟ್ಟಲೆ ಇಟ್ಟುಕೊಳ್ಳಬೇಕು. ನೇರ ಸಂಗ್ರಾಹಕರಿಗೆ ಮಾರಿದರೆ ಹೆಚ್ಚು ಸಿಗುತ್ತದೆ, ಕಾಯಬೇಕಾಗುತ್ತದೆ. ಕೊಳ್ಳುವಾಗ ‘ಸ್ವಾಮಿ, ಹಾಗೇ ಸ್ವಲ್ಪ ಮಗುಚಿ ತೋರಿಸ್ತೀರಾ?’ ಎಂದು ಕೇಳಿ ಸುಮ್ಮನಿರಿ. ಬುಡ ತೋರಿಸಲು ಹಿಂದೆಮುಂದೆ ನೋಡುವವರ ಬಳಿ ವ್ಯಾಪಾರ ಬೇಡ. ಬಿಲ್ಲಿನಲ್ಲಿ ‘ಹಳೆಯ ಟ್ರೇ’ ಎಂದು ಬರೆಸಿಕೊಂಡು ಬರಬೇಡಿ. ಕಂಪನಿಯ ಹೆಸರು, ಲೋಹ, ತೂಕ, ಅಳತೆ, ಇರುವ ಮುಕ್ಕು, ಎಲ್ಲವೂ ಅದರಲ್ಲಿರಲಿ.

ಮಾರಲು ಫೋಟೋ ಹಾಕುವಾಗ ಕಿಟಕಿಯ ಬೆಳಕಿನಲ್ಲಿ ಮೇಲ್ಮುಖ, ಪೂರ್ತಿ ಬುಡ, ಮುದ್ರೆ ಹತ್ತಿರದಿಂದ, ನಾಲ್ಕೂ ಮೂಲೆ, ಪ್ರತಿಯೊಂದು ಮುಕ್ಕು, ತಕ್ಕಡಿಯ ಮೇಲೆ ಇಟ್ಟದ್ದು, ಅಳತೆಪಟ್ಟಿಯ ಜೊತೆ, ಇಷ್ಟೂ ಇರಲಿ. ಕಳಿಸುವಾಗ ಬೆಳ್ಳಿಗೆ ರಬ್ಬರ್ ಬ್ಯಾಂಡ್ ಹಾಕಬೇಡಿ, ರಬ್ಬರಿನ ಗಂಧಕ ಮೈಮೇಲೆ ಕಪ್ಪು ಗೆರೆ ಉಳಿಸುತ್ತದೆ. ಬಬಲ್ ರ‍್ಯಾಪನ್ನು ನೇರವಾಗಿ ಸುತ್ತಿದರೆ ಸೆಖೆಗೆ ಅದರ ಗುಳ್ಳೆಗಳ ಗುರುತು ಲ್ಯಾಕರ್ ಮೇಲೆ, ಚರ್ಮದ ಮೇಲೆ ಅಚ್ಚಾಗುತ್ತದೆ. ಮೊದಲು ತೊಳೆದೊಣಗಿಸಿದ ಹಳೆಯ ಹತ್ತಿ ಪಂಚೆಯ ತುಂಡು ಅಥವಾ ಬಣ್ಣವಿಲ್ಲದ ತೆಳು ಕಾಗದ, ಅದರ ಮೇಲೆ ಬಬಲ್ ರ‍್ಯಾಪ್ ಎರಡು ಸುತ್ತು, ಒಂದು ಪೆಟ್ಟಿಗೆ, ಆ ಪೆಟ್ಟಿಗೆಯ ಸುತ್ತ ಎಲ್ಲ ಕಡೆಯೂ ಐದು ಸೆಂಟಿಮೀಟರ್ ಜಾಗ ಬಿಟ್ಟು ಮೆತ್ತೆ ತುಂಬಿದ ಇನ್ನೊಂದು ಪೆಟ್ಟಿಗೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗೆ ಸದ್ದೇ ಬರಬಾರದು.